ಪ್ರವಾಸಕ್ಕೆ ಒಂದೇ ರೋಲು ಸಾಕು

ಈ ವರ್ಷದ ಶೈಕ್ಷಣಿಕ ಪ್ರವಾಸ ಹಂಪಿಗೆ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಬಸ್ ಎಷ್ಟು ಗಂಟೆಗೆ, ಊಟ ಎಲ್ಲಿ, ಹಣ ಎಷ್ಟು ಎಂಬುದೆಲ್ಲ ತೀರ್ಮಾನವಾಗಿದೆ. ಫೋಟೋ ಯಾರು ತೆಗೆಯಬೇಕು, ತೆಗೆದ ಫೋಟೋ ಯಾರ ಹತ್ತಿರ ಇರಬೇಕು ಎಂಬುದರ ಬಗ್ಗೆ ಮಾತ್ರ ಯಾರೂ ಮಾತಾಡಿಲ್ಲ. ಅದಕ್ಕೆ ನನ್ನದೊಂದು ಸಲಹೆ ಇದೆ. ಪ್ರತಿ ತರಗತಿಗೆ ಒಂದು ಹಳೇ ಫಿಲ್ಮ್ ಕ್ಯಾಮೆರಾ, ಅದರಲ್ಲಿ 36 ಚಿತ್ರಗಳ ಒಂದು ರೋಲು. ನಮ್ಮ ಮುಖಗಳು ಇರುವ ಫೋಟೋಗಳೆಲ್ಲ ಆ ರೋಲಿನಲ್ಲೇ ಇರಲಿ. ಮೊಬೈಲಿನಲ್ಲಿ ಗುಡಿ, ಬಂಡೆ, ಹೊಳೆ ಎಷ್ಟು ಬೇಕಾದರೂ ತೆಗೆಯಿರಿ, ಜನರನ್ನು ಬೇಡ.

ಇದನ್ನು ಮೊದಲು ಗೆಳತಿಯರಿಗೆ ಹೇಳಿದಾಗ ಅವರು ನಕ್ಕರು. ನೀವೂ ನಗುವ ಮೊದಲು ಕಾರಣ ಕೇಳಿ.

ಹೋದ ವರ್ಷದ ಪ್ರವಾಸದ ಫೋಟೋಗಳು ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಇವೆ. ಆರುನೂರಕ್ಕೂ ಹೆಚ್ಚು. ಒಂದೇ ಗೋಡೆಯ ಮುಂದೆ ಒಬ್ಬನೇ ನಿಂತ ಇಪ್ಪತ್ತು ಫೋಟೋ ಇವೆ. ಆದರೆ ನಮ್ಮ ತರಗತಿಯ ಏಳು ಜನ ಹುಡುಗಿಯರು ಆ ಆರುನೂರರಲ್ಲಿ ಒಂದರಲ್ಲೂ ಇಲ್ಲ. ಅವರು ಪ್ರವಾಸಕ್ಕೆ ಬಂದಿದ್ದರು, ನಮ್ಮ ಜೊತೆಯೇ ಊಟ ಮಾಡಿದ್ದರು, ಬಸ್ಸಿನಲ್ಲಿ ಹಾಡಿದ್ದರು. ಯಾರಾದರೂ ಮೊಬೈಲ್ ಎತ್ತಿದ ಕೂಡಲೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು, ಅಷ್ಟೇ. ಅವರ ಮನೆಯಲ್ಲಿ ಫೋಟೋ ಬೇಡ ಅಂತಲ್ಲ. ಆ ಫೋಟೋ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿಲ್ಲವಲ್ಲ, ಭಯ ಅದರದ್ದು.

ಆ ಭಯ ಸುಳ್ಳಲ್ಲ. ಅದೇ ಪ್ರವಾಸದಲ್ಲಿ ನನ್ನ ಗೆಳತಿಯೊಬ್ಬಳ ಫೋಟೋವನ್ನು ಅವಳನ್ನು ಕೇಳದೆ ಯಾರೋ ಸ್ಟೇಟಸ್‌ಗೆ ಹಾಕಿದರು. ಕೆಟ್ಟ ಫೋಟೋ ಏನಲ್ಲ, ಅವಳು ಕಬ್ಬಿನ ಹಾಲು ಕುಡಿಯುತ್ತಿದ್ದಳು. ಆದರೆ ಅದು ಅವಳ ಅಣ್ಣನ ಗೆಳೆಯರವರೆಗೂ ತಲುಪಿತು. ತೆಗೆದವರಿಗೆ ಏನೂ ಆಗಲಿಲ್ಲ, ಮನೆಯಲ್ಲಿ ಉತ್ತರ ಕೊಡಬೇಕಾದವಳು ಅವಳು. ಈ ವರ್ಷದ ಪ್ರವಾಸಕ್ಕೆ ಅವಳು ಹೆಸರು ಕೊಟ್ಟಿಲ್ಲ. ನಾನು ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಕಾರಣಕ್ಕೆ.

ಫಿಲ್ಮ್ ಕ್ಯಾಮೆರಾದ ವಿಷಯ ನನಗೆ ಗೊತ್ತಾದದ್ದು ಮಾಮುವಿನಿಂದ. ಅವರ ಹಳೇ ಯಾಷಿಕಾ ಕ್ಯಾಮೆರಾ ಅಲ್ಮಾರಿಯಲ್ಲೇ ಇತ್ತು. ಬೇಸಿಗೆ ರಜೆಯಲ್ಲಿ ಹಿರೇಕೊಟ್ನೆಕಲ್‌ನಿಂದ ನಮ್ಮ ಮನೆಯವರೆಲ್ಲ ವಿಜಯಪುರ ನೋಡಲು ಹೋದಾಗ ಅದನ್ನು ನನ್ನ ಕೈಗೆ ಕೊಟ್ಟರು. ಗೋಳಗುಮ್ಮಟದ ಮುಂದೆ ನಾನಿಯನ್ನು ನಿಲ್ಲಲು ಕೇಳಿದೆ. ಮೊಬೈಲ್ ಕಂಡರೆ ಸೆರಗು ಎಳೆದುಕೊಂಡು ಮುಖ ತಿರುಗಿಸುವವರು ಅವರು. ಕ್ಯಾಮೆರಾ ನೋಡಿ, "ಯೇ ಕಾಂ ಜಾತಾ ಬೇಟಿ?" ಎಂದು ಕೇಳಿದರು. ಇದು ಎಲ್ಲಿಗೆ ಹೋಗುತ್ತದೆ ಮಗಳೇ ಎಂದು. "ಎಲ್ಲಿಗೂ ಹೋಗಲ್ಲ ನಾನಿ, ಇದರ ಹೊಟ್ಟೆಯಲ್ಲೇ ಇರುತ್ತೆ, ಆಮೇಲೆ ನಿಮ್ಮ ಕೈಗೆ ಬರುತ್ತೆ" ಎಂದೆ. ನಾನಿ ಸೆರಗು ಸರಿ ಮಾಡಿಕೊಂಡು ನೇರವಾಗಿ ನಿಂತರು. ನನಗೆ ನೆನಪಿರುವ ಹಾಗೆ ಅವರು ಒಪ್ಪಿ ತೆಗೆಸಿಕೊಂಡ ಮೊದಲ ಫೋಟೋ ಅದು.

ನಾನಿಯ ಪ್ರಶ್ನೆ ಹೊಸದಲ್ಲ. 1948ರವರೆಗೆ ನಮ್ಮ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್. ಊರೂರು ತಿರುಗಿ ಕೋಟೆ, ಅರಮನೆ, ಗುಡಿಗಳ ಚಿತ್ರ ತೆಗೆದವರು. ನಿಜಾಮರು ಅವರಿಗೆ ಕೊಟ್ಟ ಬಿರುದು ಮುಸವ್ವಿರ್ ಜಂಗ್. ಮುಸವ್ವಿರ್ ಅಂದರೆ ಚಿತ್ರಕಾರ ಎಂದು ಉರ್ದು ಮನೆಮಾತಿನವರಿಗೆ ಹೇಳಬೇಕಿಲ್ಲ. ಅವರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಬೇರೆ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನಡೆಸುತ್ತಿದ್ದವರೂ ಒಬ್ಬ ಮಹಿಳೆಯೇ. ಪರ್ದಾದಲ್ಲಿರುವವರಿಗೆ ಫೋಟೋ ಬೇಡ ಎಂದು ದೀನದಯಾಳ್ ಅಂದುಕೊಳ್ಳಲಿಲ್ಲ. ಯಾರು ತೆಗೆಯುತ್ತಾರೆ, ಯಾರು ನೋಡುತ್ತಾರೆ ಎಂಬುದನ್ನು ಸರಿ ಮಾಡಿದರೆ ಅವರೂ ಬರುತ್ತಾರೆ ಎಂದು ಅವರಿಗೆ ತಿಳಿದಿತ್ತು. ನೂರ ಮೂವತ್ತು ವರ್ಷದ ಹಿಂದೆ ಸಾಧ್ಯವಾದದ್ದು ನಮ್ಮ ಕಾಲೇಜಿನಲ್ಲಿ ಯಾಕೆ ಸಾಧ್ಯವಿಲ್ಲ?

ಕಡಿಮೆ ಚಿತ್ರ ತೆಗೆದರೆ ನೆನಪು ಕಡಿಮೆಯಾಗುತ್ತದೆ ಎನ್ನುವವರಿಗೆ ಹಂಪಿಯ ಉದಾಹರಣೆಯನ್ನೇ ಕೊಡುತ್ತೇನೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಗೆ ಬಂದು ಫೋಟೋ ತೆಗೆದರು. ಆಗ ರೋಲು ಇರಲಿಲ್ಲ. ಮೇಣ ಸವರಿದ ಕಾಗದವೇ ನೆಗೆಟಿವ್. ಹೀಗೆ ಅವರು ತೆಗೆದದ್ದು ಸುಮಾರು ಅರವತ್ತು ಚಿತ್ರ. ಇಂದು ನಮ್ಮಲ್ಲಿ ಒಬ್ಬರು ಊಟಕ್ಕೆ ಮೊದಲೇ ಅಷ್ಟು ತೆಗೆದು ಮುಗಿಸುತ್ತೇವೆ. ಆದರೆ ವಿಠಲ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರ ಇತ್ತು ಎಂಬುದು ಇಂದು ಕಣ್ಣಿಗೆ ಕಾಣುವುದು ಅವರ ಚಿತ್ರದಲ್ಲಿ. ಈಗ ಆ ಗೋಪುರ ಇಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ತೆಗೆದ ಜಾಗಗಳನ್ನು ಹುಡುಕಿ ಅವೇ ನೋಟಗಳನ್ನು ಮತ್ತೆ ತೆಗೆದರು. ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ನೋಡಲು ಸಾಧ್ಯವಾದದ್ದು ಆ ಕೆಲವೇ ಚಿತ್ರಗಳನ್ನು ಜೋಪಾನ ಮಾಡಿದ್ದರಿಂದ. ನಮ್ಮ ಆರುನೂರು ಫೋಟೋ ಒಂದು ಮೊಬೈಲ್ ಕೆಟ್ಟರೆ ಅಥವಾ ಗುಂಪು ಡಿಲೀಟ್ ಆದರೆ ಮುಗಿಯಿತು.

ಈಗ ಲೆಕ್ಕಕ್ಕೆ ಬರೋಣ, ನಾನು ಕಾಮರ್ಸ್ ವಿದ್ಯಾರ್ಥಿನಿ. ನಾನು ತರಿಸಿದ ಬಣ್ಣದ ರೋಲಿಗೆ 850 ರೂಪಾಯಿ. ಡೆವಲಪ್ ಮಾಡಲು 400. ಹತ್ತಿರದಲ್ಲಿ ಲ್ಯಾಬ್ ಸಿಗದೆ ಕೊರಿಯರ್ ಮಾಡಿದ್ದಕ್ಕೆ 190. ಪ್ರಿಂಟಿಗೆ ಹತ್ತರಂತೆ 36ಕ್ಕೆ 360. ಒಟ್ಟು 1800. ಅಂದರೆ ಒಂದು ಚಿತ್ರಕ್ಕೆ 50 ರೂಪಾಯಿ. ಐವತ್ತರ ಹೊಸ ನೋಟು ತಿರುಗಿಸಿ ನೋಡಿ, ಅದೇ ಕಲ್ಲಿನ ರಥ ಇದೆ! ಒಬ್ಬರಿಗೆ ಇದು ದುಬಾರಿ, ಒಪ್ಪುತ್ತೇನೆ. ಮೊದಲು ಊಟಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 'ಇಂದು' ಎಂಬ ಹೆಸರಿನಲ್ಲಿ ಫಿಲ್ಮ್ ತಯಾರಿಸುತ್ತಿತ್ತು. ಅದು ಮುಚ್ಚಿಹೋಗಿದೆ, ನಾನು ತರಿಸಿದ ರೋಲು ವಿದೇಶದ್ದು. ಆದರೆ ನಮ್ಮ ತರಗತಿಯಲ್ಲಿ 45 ಜನ ಇದ್ದೇವೆ. ಹಂಚಿಕೊಂಡರೆ ತಲೆಗೆ 40 ರೂಪಾಯಿ. ದಾರಿಯಲ್ಲಿ ಚಿಪ್ಸಿಗೆ ಇದಕ್ಕಿಂತ ಹೆಚ್ಚು ಹೋಗುತ್ತದೆ.

ಬೆಲೆ ಇರುವುದರಿಂದಲೇ ಒಂದು ಲಾಭವೂ ಇದೆ. ಐವತ್ತು ರೂಪಾಯಿಯ ಚಿತ್ರವನ್ನು ಯಾರೂ ಕದ್ದು ತೆಗೆಯುವುದಿಲ್ಲ. ಎಲ್ಲರನ್ನೂ ಕರೆದು, ಬಿಸಿಲು ಯಾವ ಕಡೆ ಇದೆ ನೋಡಿ, "ತೆಗೆಯಲಾ?" ಎಂದು ಕೇಳಿಯೇ ತೆಗೆಯಬೇಕಾಗುತ್ತದೆ. ಆ ಒಂದು ಮಾತನ್ನು ಮೊಬೈಲ್ ನಮ್ಮಿಂದ ಮರೆಸಿದೆ.

ಸ್ಟಾಫ್ ರೂಮಿನಲ್ಲಿ ಒಬ್ಬರು ಉಪನ್ಯಾಸಕರು ನನಗೆ ಎರಡು ಪ್ರಶ್ನೆ ಕೇಳಿದರು. ಎರಡೂ ಸರಿಯಾದ ಪ್ರಶ್ನೆಗಳೇ. ಮೊದಲನೆಯದು, ಪ್ರಿಂಟನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಬಹುದಲ್ಲ? ಕಳಿಸಬಹುದು. ಪ್ರಿಂಟ್ ಹಾಕಲು ಲ್ಯಾಬಿನವರೂ ಸ್ಕ್ಯಾನ್ ಮಾಡುತ್ತಾರೆ. ಬೀಗ ಒಡೆಯುವವರು ಇದ್ದೇ ಇರುತ್ತಾರೆ, ಹಾಗಂತ ಯಾರೂ ಬೀಗ ಹಾಕದೆ ಬಿಡುವುದಿಲ್ಲ. ಈಗ ಒಂದು ಬೆರಳಿನಲ್ಲಿ ಆಗುವ ಕೆಲಸಕ್ಕೆ ಆಗ ಲೈಬ್ರರಿಗೆ ಹೋಗಿ, ಆಲ್ಬಮ್ ಕೇಳಿ ಪಡೆದು, ಎಲ್ಲರ ಮುಂದೆ ಮೊಬೈಲ್ ಎತ್ತಬೇಕು. ಎರಡನೆಯದು, ರೋಲೇ ಹಾಳಾದರೆ? ಹಾಳಾಗಬಹುದು. ಅರ್ಧದಲ್ಲಿ ಯಾರಾದರೂ ಹಿಂದಿನ ಮುಚ್ಚಳ ತೆರೆದರೆ ಬೆಳಕು ಬಿದ್ದು ಚಿತ್ರ ಹೋಗುತ್ತವೆ. ನಮ್ಮ ಕಡೆಯ ಬಿಸಿಲಿಗೆ ಬಸ್ಸಿನ ಕಿಟಕಿಯ ಹತ್ತಿರ ಕ್ಯಾಮೆರಾ ಇಟ್ಟರೆ ಫಿಲ್ಮಿನ ಬಣ್ಣವೂ ಕೆಡುತ್ತದೆ. ಆದ್ದರಿಂದ ಅದು ಒಬ್ಬರ ಜವಾಬ್ದಾರಿಯಲ್ಲಿ, ಬಟ್ಟೆಯ ಚೀಲದಲ್ಲಿ, ನೆರಳಲ್ಲಿ ಇರಬೇಕು.

ನನ್ನ ಸಲಹೆ ಇಷ್ಟು. ಹುಡುಗಿಯರ ಚಿತ್ರವನ್ನು ಹುಡುಗಿಯೇ ತೆಗೆಯಲಿ. 36ರಲ್ಲಿ ಪ್ರತಿಯೊಬ್ಬರೂ ಕನಿಷ್ಠ ಒಂದರಲ್ಲಿ ಇರುವಂತೆ ಪಟ್ಟಿ ಮಾಡಿಕೊಳ್ಳೋಣ, ಬೇಡ ಎಂದವರನ್ನು ಬಿಡೋಣ. ಸ್ಕ್ಯಾನ್ ಫೈಲನ್ನು ಅಳಿಸಲು ಲ್ಯಾಬಿನವರಿಗೆ ಬರೆದು ಕೇಳೋಣ. ನೆಗೆಟಿವ್ ಮತ್ತು ಆಲ್ಬಮ್ ಲೈಬ್ರರಿಯ ಬೀರುವಿನಲ್ಲಿ ಇರಲಿ. ತಮ್ಮ ಚಿತ್ರದ ಪ್ರಿಂಟ್ ಬೇಕಾದವರು ಹತ್ತು ರೂಪಾಯಿ ಕೊಟ್ಟು ಮಾಡಿಸಿಕೊಳ್ಳಲಿ. ಮಾಮುವಿನ ಕ್ಯಾಮೆರಾ ಕೊಡಲು ನಾನು ಸಿದ್ಧ, ಅವರ ಒಪ್ಪಿಗೆಯೂ ಇದೆ. ಬೇರೆ ತರಗತಿಯವರ ಮನೆಯ ಅಲ್ಮಾರಿಗಳಲ್ಲೂ ಹುಡುಕಿದರೆ ಸಿಗಬಹುದು.

ಹೆಸರು ಕೊಡಲು ಇನ್ನೂ ಕೆಲವು ದಿನ ಉಳಿದಿವೆ. ಪ್ರಾಂಶುಪಾಲರು ಈ ನಿಯಮವನ್ನು ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಿ ಮನೆಗಳಿಗೆ ಕಳಿಸಲಿ ಎಂದು ಕೇಳಿಕೊಳ್ಳುತ್ತೇನೆ. ಆ ಸಾಲು ಓದಿ ಒಬ್ಬಳ ಅಬ್ಬಾ ಸಹಿ ಹಾಕಿದರೂ ನಮ್ಮ 1800 ರೂಪಾಯಿ ವಸೂಲಾದ ಹಾಗೆ.

— ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಹಿರೇಕೊಟ್ನೆಕಲ್