ಹಾಲಿನೊಳಗಣ ಅಣುಧೂಳಿ

1961ರ ನವೆಂಬರ್ 1ರಂದು ಅಮೆರಿಕದ ಅನೇಕ ನಗರಗಳಲ್ಲಿ ಗೃಹಿಣಿಯರು ಮನೆಗೆಲಸ ನಿಲ್ಲಿಸಿ ಬೀದಿಗೆ ಬಂದರು. ಅಣ್ವಸ್ತ್ರ ಪರೀಕ್ಷೆಗಳನ್ನು ಕೈಬಿಡಬೇಕೆಂದು ತಮ್ಮ ಸರ್ಕಾರವನ್ನೂ ಸೋವಿಯತ್ ಸರ್ಕಾರವನ್ನೂ ಏಕಕಾಲಕ್ಕೆ ಒತ್ತಾಯಿಸಿದರು. ಆ ಚಳವಳಿ ತನ್ನನ್ನು ಕರೆದುಕೊಂಡದ್ದು 'ಶಾಂತಿಗಾಗಿ ಮಹಿಳೆಯರ ಮುಷ್ಕರ' ಎಂದು. ಸಹೃದಯರು ಇಲ್ಲಿ 'ಮುಷ್ಕರ' ಎಂಬ ಪದವನ್ನು ಗಮನಿಸಬೇಕು. ಕೂಲಿಯಿಲ್ಲದ, ಧಣಿಯಿಲ್ಲದ ದುಡಿಮೆಗೆ ಮುಷ್ಕರವೆಂತು? ಮನೆಗೆಲಸವೂ ದುಡಿಮೆಯೇ, ಅದು ನಿಂತರೆ ಲೋಕವ್ಯವಹಾರವೂ ನಿಲ್ಲುತ್ತದೆ ಎಂಬ ಅರ್ಥ ಆ ಪದದಲ್ಲಿ ಅಡಗಿದೆ. ಇದನ್ನು ಬದಿಗಿಟ್ಟು ಆ ಚಳವಳಿಯನ್ನು ತಾಯಂದಿರ ಮಮತೆಯ ಕಥೆಯನ್ನಾಗಿ ಮಾತ್ರ ಹೇಳುವ ವಾಡಿಕೆಯುಂಟು. ಅದು ನನಗೆ ಒಪ್ಪಿತವಲ್ಲ.

ಮನೆಯೊಳಗಿದ್ದವರಿಗೆ ತಿಳಿದಿದ್ದ ಸಂಗತಿಯೊಂದಿತ್ತು. ವಾತಾವರಣದಲ್ಲಿ ಸಿಡಿದ ಬಾಂಬಿನ ಧೂಳಿನಲ್ಲಿ ಸ್ಟ್ರಾನ್ಷಿಯಂ-90 ಎಂಬ ವಿಕಿರಣಶೀಲ ಧಾತುವಿರುತ್ತದೆ. ಅದು ಮಳೆಯೊಡನೆ ಹುಲ್ಲಿಗಿಳಿದು, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬರುತ್ತದೆ. ಗುಣದಲ್ಲಿ ಕ್ಯಾಲ್ಸಿಯಂ ಅನ್ನು ಹೋಲುವುದರಿಂದ ಬೆಳೆಯುವ ಮಗುವಿನ ಎಲುಬಿನಲ್ಲಿ, ಹಲ್ಲಿನಲ್ಲಿ ನೆಲೆಸುತ್ತದೆ. ಸೇಂಟ್ ಲೂಯಿಸ್ ನಗರದಲ್ಲಿ ವೈದ್ಯೆ ಲೂಯೀಸ್ ರೈಸ್ ಅವರ ನೇತೃತ್ವದಲ್ಲಿ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಸಿ ಪರೀಕ್ಷಿಸುವ ಕಾರ್ಯ ಅದಾಗಲೇ ನಡೆದಿತ್ತು. ಹಲ್ಲಿನೊಡನೆ ಮಗುವಿನ ವಿವರ ಬರೆದು ಕಳಿಸಿದವರು ಮನೆಯವರೇ. ಹೀಗೆ ಒಟ್ಟು ಸುಮಾರು 3 ಲಕ್ಷ ಹಲ್ಲುಗಳು ಸಂಗ್ರಹವಾದವು. ಹಾಲು ಕಾಯಿಸುವವಳಿಗೆ ಅಣ್ವಸ್ತ್ರದ ವಿಚಾರವೇಕೆ ಎಂದು ಕೇಳಿದವರಿಗೆ ಉತ್ತರ ಆ ಹಾಲಿನಲ್ಲಿಯೇ ಇತ್ತು.

ಸಂಘಟನೆಯೂ ಮನೆಯ ರೀತಿಯಲ್ಲಿಯೇ ಬೆಳೆಯಿತು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ಡಾಗ್ಮಾರ್ ವಿಲ್ಸನ್ ವಾಷಿಂಗ್ಟನ್ನಿನ ತಮ್ಮ ಮನೆಯಲ್ಲಿ ಕೆಲವರನ್ನು ಕೂಡಿಸಿದರು. ಸುದ್ದಿ ದೂರವಾಣಿಯ ಮೂಲಕ, ಗೆಳತಿಯಿಂದ ಗೆಳತಿಗೆ ಹಬ್ಬಿತು. ಸದಸ್ಯರ ಪಟ್ಟಿಯಿಲ್ಲ, ಅಧ್ಯಕ್ಷರಿಲ್ಲ. 1962ರ ಡಿಸೆಂಬರಿನಲ್ಲಿ ಅಲ್ಲಿನ ಪ್ರತಿನಿಧಿ ಸಭೆಯ ದೇಶವಿರೋಧಿ ಚಟುವಟಿಕೆಗಳ ಸಮಿತಿಯು, ಇವರೊಳಗೆ ಕಮ್ಯುನಿಸ್ಟರು ಸೇರಿದ್ದಾರೆಯೇ ಎಂದು ಅರಿಯಲು ವಿಚಾರಣೆಗೆ ಕರೆಯಿತು. ವಿದ್ವಾಂಸರೂ ಕಲಾವಿದರೂ ಹಿಂದೆ ನಡುಗಿದ್ದು ಈ ಸಮಿತಿಯ ಎದುರಿನಲ್ಲಿಯೇ. ಇವರಾದರೋ ಕಂಕುಳಲ್ಲಿ ಕೂಸುಗಳನ್ನೆತ್ತಿಕೊಂಡು ಸಭಾಂಗಣವನ್ನು ತುಂಬಿದರು. ಸಾಕ್ಷಿಗೆ ನಿಂತವರ ಕೈಗೆ ಹೂಗೊಂಚಲು ಕೊಟ್ಟರು. ಪಟ್ಟಿಯೇ ಇಲ್ಲದ ಸಂಘದಲ್ಲಿ ಸಮಿತಿಗೆ ಹಿಡಿಯಲು ಏನಿತ್ತು?

1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಒಪ್ಪಂದಕ್ಕೆ ಸಹಿ ಹಾಕಿದವು. ವಾತಾವರಣ, ಬಾಹ್ಯಾಕಾಶ, ನೀರಿನಡಿಯ ಪರೀಕ್ಷೆಗಳಿಗೆ ಅದರಿಂದ ನಿಷೇಧವಾಯಿತು. ನೆಲದಡಿಯ ಪರೀಕ್ಷೆಗಳಿಗೆ ಆಗಲಿಲ್ಲ. ಅಮೆರಿಕ ಅವುಗಳನ್ನು 1992ರವರೆಗೆ ನಡೆಸಿತು. ಭಾರತವೂ ಆ ಒಪ್ಪಂದಕ್ಕೆ ಸೇರಿತ್ತು. ಪೋಖ್ರಾನಿನ 1974, 1998ರ ಸ್ಫೋಟಗಳು ನೆಲದಡಿಯವೇ. ಹಾಲು ತಿಳಿಯಾಗತೊಡಗಿತು, ಅಸ್ತ್ರ ಉಳಿಯಿತು. ಮಕ್ಕಳ ಆರೋಗ್ಯದ ಹೆಸರಿನಲ್ಲಿ ಮಾತ್ರ ಕೇಳಿದ ಬೇಡಿಕೆಗೆ ಪ್ರಭುಗಳು ಅಷ್ಟಕ್ಕೇ ಉತ್ತರ ಕೊಟ್ಟು ಸುಮ್ಮನಾಗಬಲ್ಲರು. ಆ ಮಹಿಳೆಯರು ಇದನ್ನು ಬಲ್ಲವರಾಗಿದ್ದರು ಎಂದೇ ನನ್ನ ತಿಳಿವು. ಏಕೆಂದರೆ ಒಪ್ಪಂದದ ನಂತರ ಅವರು ಮನೆಗೆ ಮರಳಿ ಕುಳಿತುಕೊಳ್ಳಲಿಲ್ಲ. ಬೇರೆಯವರ ಮಕ್ಕಳು ಸಾಯುತ್ತಿದ್ದ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಮತ್ತೆ ಬೀದಿಗಿಳಿದರು. ಅವರಲ್ಲೊಬ್ಬರಾದ ಬೆಲ್ಲಾ ಅಬ್ಜಗ್ 1970ರಲ್ಲಿ, ಯಾವ ಸಭೆಯ ಸಮಿತಿ ಇವರನ್ನು ವಿಚಾರಣೆಗೆ ಕರೆದಿತ್ತೋ ಅದೇ ಸಭೆಗೆ ಚುನಾಯಿತರಾದರು.