ತಪ್ಪು ಕಚೇರಿಯದು, ದಂಡ ವಿದ್ಯಾರ್ಥಿಗೆ

ಪದವಿ ಓದಿದವರಿಗೆ ಮುದ್ರಿತ ಅಂಕಪಟ್ಟಿ ಕೊಡಬೇಕೋ, ‘ಡಿಜಿಲಾಕರ್‌ನಲ್ಲಿದೆ, ಇಳಿಸಿಕೊಳ್ಳಿ’ ಎಂದು ಕೈತೊಳೆದುಕೊಳ್ಳಬಹುದೋ ಎಂಬ ಜಗಳ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ವರ್ಷಗಳಿಂದ ಎಳೆದಾಡುತ್ತಿದೆ. ವಿದ್ಯಾರ್ಥಿ ಸಂಘಟನೆಗಳು ಹೊರಗೆ ಕೂತು ಮಾರ್ಕ್ಸ್ ಕಾರ್ಡ್ ಕೊಡಿ ಎನ್ನುತ್ತವೆ. ಕಾಗದದ ಕಾಲ ಮುಗಿಯಿತು ಎಂಬ ಉತ್ತರ ಒಳಗಿನಿಂದ ಬರುತ್ತದೆ. ಎರಡೂ ಕಡೆಯವರ ಕಣ್ಣು ಕಾಗದದ ಮೇಲೇ ನೆಟ್ಟಿರುವುದರಿಂದ ಕೇಳಲೇಬೇಕಾದ ಮಾತು ಹಾಗೇ ಉಳಿದುಬಿಟ್ಟಿದೆ. ಆ ದಾಖಲೆ ತಪ್ಪಾದರೆ, ತಡವಾದರೆ, ಸಿಗದೇ ಹೋದರೆ ಯಾರು ಹೊಣೆ? ಯಾರ ಜೇಬಿಗೆ ಕತ್ತರಿ? ಇವತ್ತಿನ ಮಟ್ಟಿಗೆ ಪ್ರತಿ ಸಲವೂ ವಿದ್ಯಾರ್ಥಿಯ ಜೇಬಿಗೇ. ಇದು ಬದಲಾಗದಿದ್ದರೆ ಕಾಗದ ಇದ್ದರೇನು, ಹೋದರೇನು.

ಈ ಗೊಂದಲಕ್ಕೆ ಒಂದು ಇತಿಹಾಸವಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಎನ್ನಿಸಿಕೊಳ್ಳುವ ಧಾವಂತ 2021-22ರಲ್ಲಿ ಆಗಿನ ಸರ್ಕಾರಕ್ಕಿತ್ತು. ಅದರ ಬೆನ್ನಿಗೇ, ಪ್ರವೇಶಾತಿಯಿಂದ ಫಲಿತಾಂಶದವರೆಗೆ ಎಲ್ಲವನ್ನೂ ಒಂದೇ ಪೋರ್ಟಲ್‌ಗೆ ತರುವ ಯುಯುಸಿಎಂಎಸ್ ಬಂತು. ಅಲ್ಲಿಯವರೆಗೆ ಪ್ರತಿ ವಿಶ್ವವಿದ್ಯಾಲಯದ್ದೂ ತನ್ನದೇ ತಂತ್ರಾಂಶ, ತನ್ನದೇ ಲೆಡ್ಜರು. ರಾಜ್ಯಕ್ಕೆಲ್ಲ ಒಂದು ವ್ಯವಸ್ಥೆ ಬೇಕು ಎಂಬ ಆಲೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪಠ್ಯಕ್ರಮ, ಕ್ರೆಡಿಟ್ ಲೆಕ್ಕ, ತಂತ್ರಾಂಶ ಮೂರನ್ನೂ ಒಟ್ಟಿಗೇ ಬದಲಿಸಿ ಕೂತರೆ, ಯಾವುದು ಎಲ್ಲಿ ಕೈಕೊಟ್ಟಿತೆಂದು ಹುಡುಕುವುದಾದರೂ ಹೇಗೆ? ಆಮೇಲೆ ಸರ್ಕಾರ ಬದಲಾಯಿತು. ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯನ್ನು ಹಿಡಿದು 2024ರ ಮೇ ತಿಂಗಳಲ್ಲಿ ಆದೇಶ ಹೊರಟಿತು, 2024-25ರಿಂದ ಮೂರು ವರ್ಷದ ಪದವಿ ಮರಳಿತು. ಹೀಗಾಗಿ ಒಂದೇ ಕಾಲೇಜಿನ ಕಾರಿಡಾರಿನಲ್ಲಿ ಹಳೆಯ ಸಿಬಿಸಿಎಸ್ ಪದ್ಧತಿಯ ಕಾಲದ ಬ್ಯಾಕ್‌ಲಾಗ್‌ನವರು, ಎನ್‌ಇಪಿಯವರು, ಎಸ್‌ಇಪಿಯವರು ಎದುರುಬದುರಾದರು. ಯಾವ ನೀತಿ ಸರಿ ಎಂಬ ವಾದ ಬೇರೆಯೇ ಇದೆ, ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಆದರೆ ಎರಡೂ ಸರ್ಕಾರಗಳು ಆದೇಶಕ್ಕೆ ಸಹಿ ಹಾಕುವಾಗ ಪರೀಕ್ಷಾ ವಿಭಾಗದಲ್ಲಿ ಕೂತ ಗುಮಾಸ್ತನನ್ನು ಒಂದು ಮಾತು ಕೇಳಿದ ಲಕ್ಷಣ ಕಾಣುವುದಿಲ್ಲ.

ಅಂಕ ಎಲ್ಲಿ ಹುಟ್ಟುತ್ತದೆ ಎಂದು ನೋಡಿ. ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಪೋರ್ಟಲ್‌ಗೆ ತುಂಬುವವರು ಕಾಲೇಜಿನ ಅಧ್ಯಾಪಕರು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಕೆಲಸದ ದೊಡ್ಡ ಪಾಲು ಬೀಳುವುದು ಅತಿಥಿ ಉಪನ್ಯಾಸಕರ ಹೆಗಲಿಗೆ. ಹತ್ತು ಸಾವಿರಕ್ಕೂ ಹೆಚ್ಚಿರುವ ಇವರು 2023ರ ನವೆಂಬರ್‌ನಲ್ಲಿ ಸೇವಾ ಭದ್ರತೆ ಕೇಳಿ ತರಗತಿ ಬಿಟ್ಟು ಕೂತವರು ಹೊಸ ವರ್ಷ ಬಂದ ಮೇಲೇ ಎದ್ದದ್ದು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದ ಮನುಷ್ಯ, ಕೊನೆಯ ದಿನಾಂಕದ ರಾತ್ರಿ, ಸುತ್ತುತ್ತಲೇ ಇರುವ ಪರದೆಯ ಮುಂದೆ ಕೂತು ಅಂಕ ತುಂಬುತ್ತಾನೆ. ಸೇವ್ ಆಯಿತೋ ಇಲ್ಲವೋ ಎಂದು ಅವನಿಗೂ ಖಾತ್ರಿಯಿಲ್ಲ. ಒಂದು ಸಾಲು ಜಾರಿದರೆ ಮೇಲಿನವಳ ಅಂಕ ಕೆಳಗಿನವಳಿಗೆ ಹೋಗುತ್ತದೆ. ತಪ್ಪನ್ನು ಅವನ ತಲೆಗೆ ಕಟ್ಟುವುದು ಸುಲಭ. ಹಾಗೆ ಕಟ್ಟಿ ಮೇಲಿನವರೆಲ್ಲ ಪಾರಾಗುತ್ತಲೂ ಇದ್ದಾರೆ.

ಇನ್ನು ಒಬ್ಬ ಹುಡುಗಿಯ ಕಥೆ. ಪರೀಕ್ಷೆ ಬರೆದಿದ್ದಾಳೆ, ಹಾಲ್‌ಟಿಕೆಟ್ ಮೇಲೆ ಕೊಠಡಿ ಮೇಲ್ವಿಚಾರಕರ ಸಹಿಯಿದೆ, ಫಲಿತಾಂಶದಲ್ಲಿ ಮಾತ್ರ ಗೈರುಹಾಜರಿ. ಕಾಲೇಜಿನಲ್ಲಿ ಕೇಳಿದರೆ ಯೂನಿವರ್ಸಿಟಿಗೆ ಹೋಗಮ್ಮ ಎನ್ನುತ್ತಾರೆ. ಅಲ್ಲಿಗೆ ಹೋದರೆ ಪ್ರಿನ್ಸಿಪಾಲರ ಪತ್ರ ತಾ, ಹಾಜರಿ ಪಟ್ಟಿಯ ಜೆರಾಕ್ಸ್ ತಾ, ಅದಕ್ಕೆ ದೃಢೀಕರಣ ಮಾಡಿಸಿ ತಾ. ಎಲ್ಲ ತಂದು ಕೊಟ್ಟ ಮೇಲೆ ಕೇಸ್ ವರ್ಕರ್ ಹೇಳುವ ಮಾತು, ಇದನ್ನು ಸರಿಮಾಡುವ ಲಾಗಿನ್ ನಮ್ಮ ಹತ್ತಿರ ಇಲ್ಲ, ಬೆಂಗಳೂರಿಗೆ ಮೇಲ್ ಹಾಕಿದ್ದೇವೆ. ಹಿಂದೆ ಲೆಡ್ಜರು ಇದ್ದಾಗ ಬೈಯಲಿಕ್ಕಾದರೂ ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ. ಈಗ ಕಾಲೇಜು, ವಿಶ್ವವಿದ್ಯಾಲಯ, ತಂತ್ರಾಂಶ ನೋಡಿಕೊಳ್ಳುವವರು ಮೂರು ಮೂಲೆಯಲ್ಲಿ ನಿಂತು ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾರೆ. ಅಷ್ಟರಲ್ಲಿ ಎಂ.ಎ. ಪ್ರವೇಶದ ಗಡುವು ದಾಟಿರುತ್ತದೆ. ಬಸ್ಸಿನ ಖರ್ಚು, ಜೊತೆಗೆ ಬಂದ ಅಪ್ಪನ ಕೂಲಿ, ಕಳೆದುಹೋದ ಒಂದು ವರ್ಷ, ಇವಕ್ಕೆ ಯಾವ ಕಡತದಲ್ಲೂ ಕಾಲಂ ಇಲ್ಲ.

ಹೆಸರಿನ ಪಾಡು ಇನ್ನೊಂದು. ಹಳೆ ಮೈಸೂರು ಸೀಮೆಯ ಹುಡುಗನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮಂಜುನಾಥ ಎಚ್. ಎಸ್. ಎಂದಿರುತ್ತದೆ, ಆಧಾರ್‌ನಲ್ಲಿ ಬರೀ ಮಂಜುನಾಥ. ಕಾಲೇಜಿನ ಆಫೀಸಿನಲ್ಲಿ ಯಾರೋ ಇನಿಷಿಯಲ್ಲನ್ನು ಹೆಸರಿನ ಮುಂದಕ್ಕೆ ತಂದು ಇಟ್ಟಿರುತ್ತಾರೆ. ಧಾರವಾಡದ ಕಡೆಯ ಹುಡುಗಿಯ ಹೆಸರಿನ ಜೊತೆ ಅಪ್ಪನ ಹೆಸರೂ ಅಡ್ಡಹೆಸರೂ ಸೇರಿ ಉದ್ದವಾಗಿ, ಒಂದು ಕಡೆ ಅಡ್ಡಹೆಸರು ಮೊದಲಿದ್ದರೆ ಇನ್ನೊಂದು ಕಡೆ ಕೊನೆಗೆ. ಲಕ್ಷ್ಮೀ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಎಷ್ಟು ಬಗೆಯುಂಟು ಎಂದು ಯಾವ ಗುಮಾಸ್ತನನ್ನಾದರೂ ಕೇಳಿ. ಓದುವಾಗ ಮನುಷ್ಯರಿಗೆ ಇದೆಲ್ಲ ಒಂದೇ. ಯಂತ್ರಕ್ಕೆ ಇವರು ಬೇರೆಬೇರೆ ಜನ. ಈಗ ‘ಒಂದು ದೇಶ, ಒಂದು ವಿದ್ಯಾರ್ಥಿ ಗುರುತು’ ಎಂದು ಕೇಂದ್ರ ತಂದಿರುವ 12 ಅಂಕಿಯ ಅಪಾರ್ ಸಂಖ್ಯೆಗೂ ಆಧಾರ್‌ನಲ್ಲಿರುವ ಹೆಸರು ಕಾಲೇಜಿನ ದಾಖಲೆಗೆ ಹೊಂದಬೇಕು. ಹೊಂದದಿದ್ದರೆ ತಿದ್ದಿಸಿಕೊಂಡು ಬರಬೇಕಾದವನು ಹುಡುಗನೇ. ಅಫಿಡವಿಟ್, ನೋಟರಿ, ಪತ್ರಿಕಾ ಜಾಹೀರಾತು, ತಿದ್ದುಪಡಿ ಶುಲ್ಕ. ಬರೆದವರು ಯಾರು, ತಪ್ಪಿದ್ದು ಎಲ್ಲಿ ಎಂದು ಕೇಳುವ ಪದ್ಧತಿಯೇ ಇಲ್ಲ.

ಕಾಗದ ಬೇಡ ಎನ್ನುವವರ ವಾದದಲ್ಲಿ ಹುರುಳಿಲ್ಲ ಎಂದಲ್ಲ. ನಕಲಿ ಅಂಕಪಟ್ಟಿಯ ದಂಧೆ ನಮ್ಮಲ್ಲಿ ಹಳೆಯದು. ಒಳ್ಳೆಯ ಪ್ರಿಂಟರು, ಹೊಲೊಗ್ರಾಂ, ಒಂದು ಸುಳ್ಳು ಸೀಲು ಇದ್ದರೆ ಪದವಿ ಸಿದ್ಧ. ಇದನ್ನು ತಡೆಯಲೆಂದೇ ಕೇಂದ್ರ ಸಂಪುಟ 2016ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ, ಅಂದರೆ ನ್ಯಾಡ್‌ಗೆ, ಒಪ್ಪಿಗೆ ಕೊಟ್ಟಿತು. 2017ರ ಜುಲೈನಲ್ಲಿ ಅದು ಶುರುವಾಯಿತು. ಡಿಜಿಲಾಕರ್‌ನಲ್ಲಿ ಸಂಸ್ಥೆಯೇ ಹಾಕಿದ ದಾಖಲೆ ಮೂಲ ದಾಖಲೆಗೆ ಸಮ ಎಂದು 2016ರ ನಿಯಮಗಳೂ ಹೇಳುತ್ತವೆ. ಹಳೆಯ ಅಂಕಪಟ್ಟಿಯ ಸಾಚಾತನ ತಿಳಿಯಲು ಕಂಪನಿಯವರು ಪತ್ರ ಬರೆದು ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ಮೇಲು. ದುಬೈಯಲ್ಲೋ ಜರ್ಮನಿಯಲ್ಲೋ ಕೂತ ನಮ್ಮ ಹುಡುಗರಿಗೆ ಊರಿಗೆ ಬಾರದೆ ದಾಖಲೆ ಸಿಗುವುದು ಸಣ್ಣ ಅನುಕೂಲವಲ್ಲ. ಆದರೆ ಭಂಡಾರಕ್ಕೆ ಹೋಗುವ ಅಂಕವೇ ತಪ್ಪಾಗಿದ್ದರೆ? ತಪ್ಪು ಈಗ ಡಿಜಿಟಲ್ ಸಹಿಯ ಬಲದೊಡನೆ ದೇಶವಿಡೀ ಓಡಾಡುತ್ತದೆ, ಅಷ್ಟೇ. ಇನ್ನೊಂದು ಮಾತು. ಪರೀಕ್ಷಾ ಶುಲ್ಕದ ಸುತ್ತೋಲೆಯಲ್ಲಿ ಅಂಕಪಟ್ಟಿಗೆಂದು ಬೇರೆಯೇ ಸಾಲು ಹಾಕಿ ಹಣ ಪಡೆಯುವುದು ರೂಢಿ. ಹಣ ಪಡೆದ ಮೇಲೆ ಕಾಗದ ಉಳಿಸಿದೆವು ಎಂದು ಪರಿಸರದ ಪಾಠ ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಕರ್ನಾಟಕಕ್ಕೆ ಇದೆಲ್ಲ ಹೊಸದೇ? ಪಹಣಿಯನ್ನು ಗಣಕೀಕರಿಸಿದ ರಾಜ್ಯ ಇದು. ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ದಾಖಲೆಗಳನ್ನು, 67 ಲಕ್ಷ ರೈತರ ಜಮೀನಿನ ಲೆಕ್ಕವನ್ನು ಕಂಪ್ಯೂಟರಿಗೆ ತಂದಾಗ ಮಾಡಿದ ಎರಡು ಕೆಲಸಗಳನ್ನು ಉನ್ನತ ಶಿಕ್ಷಣ ಇಲಾಖೆ ನೆನಪಿಸಿಕೊಳ್ಳಬೇಕು. ಮೊದಲನೆಯದು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ. ಒಳಗೆ ಕೂತವನು ಏನು ಟೈಪು ಮಾಡುತ್ತಿದ್ದಾನೆಂದು ಹೊರಗೆ ನಿಂತವನಿಗೆ ಕಾಣುತ್ತಿತ್ತು. ಎರಡನೆಯದು, ದಾಖಲೆಗೆ ಕೈಹಾಕುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು; ಆಮೇಲೆ ನಾನಲ್ಲ ಎನ್ನುವಂತಿರಲಿಲ್ಲ. ಆಗ 15 ರೂಪಾಯಿ ಕೊಟ್ಟರೆ ಪಹಣಿಯ ಮುದ್ರಿತ ಪ್ರತಿ ಕೈಗೆ ಬರುತ್ತಿತ್ತು. ಮೊಬೈಲಿನಲ್ಲಿದೆ, ನೋಡಿಕೋ ಎಂದು ರೈತನನ್ನು ಯಾರೂ ವಾಪಸು ಕಳಿಸಲಿಲ್ಲ. ಭೂಮಿಯಿಂದ ಲಂಚ ಪೂರಾ ಹೋಯಿತು ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಓದುಗರು ನಗುತ್ತಾರೆ. ಆದರೆ ಹೆಸರು ಹಿಡಿದು ಕೇಳಬಹುದಾದ ಒಬ್ಬ ಅಧಿಕಾರಿ ಅಲ್ಲಿದ್ದ. ಅಂಕದ ದಾಖಲೆಯಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದು ವಿದ್ಯಾರ್ಥಿಗೆ ತನ್ನದೇ ಲಾಗಿನ್‌ನಲ್ಲಿ ಏಕೆ ಕಾಣಬಾರದು?

ಕಾನೂನೇನೋ ವಿದ್ಯಾರ್ಥಿಯ ಪರವಾಗಿಯೇ ಇದೆ ಎಂಬುದು ಈ ಇಡೀ ಪ್ರಕರಣದ ತಮಾಷೆ. ಪದವಿ ಪ್ರದಾನದ ಕುರಿತ ಯುಜಿಸಿಯ 2008ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಅರ್ಹನಾಗುವ ದಿನದಿಂದ 180 ದಿನಗಳೊಳಗೆ ಪದವಿ ಕೊಡಬೇಕು. ಘಟಿಕೋತ್ಸವಕ್ಕೆ ಅತಿಥಿಗಳ ದಿನಾಂಕ ಸಿಗಲಿಲ್ಲ ಎಂಬುದು ಅದರಲ್ಲಿ ವಿನಾಯಿತಿಯ ಕಾರಣವಲ್ಲ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾರ್ಥಿಗಿದೆ ಎಂದು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿತು. ಜಿಗ್ಯಾ ಯಾದವ್ ಪ್ರಕರಣದ 2021ರ ತೀರ್ಪು ಇನ್ನೂ ಮುಂದೆ ಹೋಯಿತು. ಸಿಬಿಎಸ್‌ಇ ಪ್ರಮಾಣಪತ್ರದಲ್ಲಿನ ಹೆಸರಿನ ವಿವಾದ ಅದು. ತನ್ನ ಹೆಸರು ಹೇಗಿರಬೇಕೆಂಬುದು ವ್ಯಕ್ತಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಮಂಡಳಿಯ ನಿಯಮಗಳು ಅದನ್ನು ಮನಬಂದಂತೆ ತಡೆಯುವಂತಿಲ್ಲ ಎಂದಿತು ನ್ಯಾಯಾಲಯ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ತನ್ನ ಮಾಹಿತಿಯನ್ನು ಸರಿಪಡಿಸಿಕೊಳ್ಳುವ ಹಕ್ಕು ಬರೆದಿಟ್ಟಿದೆ. ಮೂಲ ದಾಖಲೆ ಇಟ್ಟುಕೊಂಡು ವಿದ್ಯಾರ್ಥಿಯನ್ನು ಸತಾಯಿಸಬಾರದೆಂದು ಯುಜಿಸಿ 2018ರಲ್ಲಿ ಸ್ಪಷ್ಟ ಅಧಿಸೂಚನೆಯನ್ನೇ ಹೊರಡಿಸಿತ್ತು. ಆದರೂ ಸೀಟು ಬಿಡುತ್ತೇನೆಂದರೆ ಪೂರ್ತಿ ಕೋರ್ಸಿನ ಶುಲ್ಕ ಕಟ್ಟಿ ಟಿ.ಸಿ. ಒಯ್ಯಿ ಎನ್ನುವ ಖಾಸಗಿ ಕಾಲೇಜುಗಳ ಮೇಲಿನ ದೂರು ಇಂದಿಗೂ ನಿಂತಿಲ್ಲ. ಇಷ್ಟೆಲ್ಲ ಹಕ್ಕುಗಳಿದ್ದೂ ಇವುಗಳಲ್ಲಿ ಯಾವುದನ್ನು ಮುರಿದರೂ ಕಿಟಕಿಯ ಆಚೆ ಕೂತವರ ಸಂಬಳದಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ಹೋಗುವಂತೆ ಮಾಡುವ ದಾರಿಯೂ ನಮ್ಮಲ್ಲೇ ಇದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಹೇಳಿದ ದಿನಕ್ಕೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ, ಅರ್ಜಿದಾರನಿಗೆ ಪರಿಹಾರ ಸಿಗಬೇಕು, ಅದು ತಡಮಾಡಿದ ಅಧಿಕಾರಿಯಿಂದ ವಸೂಲಾಗಬೇಕು. ಮೊತ್ತ ಜುಜುಬಿ, ಹೌದು. ಆದರೆ ಅದರ ದಿಕ್ಕು ಸರಿಯಿದೆ: ದುಡ್ಡು ಕಚೇರಿಯಿಂದ ನಾಗರಿಕನ ಕಡೆಗೆ ಹರಿಯುತ್ತದೆ. ಅಂಕಪಟ್ಟಿಯಲ್ಲಿ ಅದು ತಿರುವುಮುರುವಾಗಿದೆ. ಅರ್ಜಿ ತಡವಾದರೆ ವಿದ್ಯಾರ್ಥಿಗೆ ದಂಡಶುಲ್ಕ, ಫಲಿತಾಂಶ ತಡವಾದರೆ ವಿದ್ಯಾರ್ಥಿಗೇ ವರ್ಷದ ನಷ್ಟ. ಪ್ರತಿ ಸೆಮಿಸ್ಟರಿನ ಫಲಿತಾಂಶಕ್ಕೂ ಅಂಕಪಟ್ಟಿಗೂ ಸಕಾಲದ ಗಡುವು ಹಾಕಿ, ಪರಿಹಾರದ ಮೊತ್ತವನ್ನು ಹೆಚ್ಚಿಸಿ. ತಪ್ಪು ಸಂಸ್ಥೆಯದಾಗಿದ್ದರೆ ತಿದ್ದುಪಡಿಗೆ ಶುಲ್ಕ ಬೇಡ, ಅಫಿಡವಿಟ್ ಬೇಡ. ಹೆಸರಿಗೆ ಎಸ್ಸೆಸ್ಸೆಲ್ಸಿ ದಾಖಲೆಯೊಂದೇ ಸಾಕು. ಮರುಮೌಲ್ಯಮಾಪನದಲ್ಲಿ ಅಂಕ ಏರಿದರೆ ಕಟ್ಟಿಸಿಕೊಂಡ ಹಣ ತಾನಾಗಿ ವಾಪಸಾಗಲಿ. ಡಿಜಿಟಲ್ ಪ್ರತಿಯ ಜೊತೆಗೆ ಎಲ್ಲ ಸೆಮಿಸ್ಟರುಗಳ ಅಂಕಗಳಿರುವ ಒಂದು ಮುದ್ರಿತ ಪ್ರತಿಯನ್ನು ಒಂದು ಸಲ ಪುಕ್ಕಟೆ ಕೊಡಿ, ಜಗಳ ಮುಗಿಯಲಿ. ಹೀಗೆ ಮಾಡಿದರೆ ವಿಶ್ವವಿದ್ಯಾಲಯಗಳು ದಿವಾಳಿಯಾಗುತ್ತವೆ ಎನ್ನುವವರಿದ್ದಾರೆ. ಪಿಂಚಣಿ ಕೊಡಲೂ ಅವು ಪರದಾಡುತ್ತಿರುವುದು ನಿಜ. ಆ ಕೊರತೆ ತುಂಬಬೇಕಾದದ್ದು ಸರ್ಕಾರ, ತಿದ್ದುಪಡಿ ಶುಲ್ಕ ಕಟ್ಟಲು ಸಾಲು ನಿಂತ ಹುಡುಗರಲ್ಲ.

ಸಂಸ್ಥೆಯ ತಪ್ಪಿಗೆ ವಿದ್ಯಾರ್ಥಿ ಬೆಲೆ ತೆರುವುದು ಎಲ್ಲಿಯವರೆಗೆ ಹೋಗಬಹುದೆಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ನೋಡಿದ್ದೇವೆ. ವ್ಯಾಪ್ತಿ ಮೀರಿ ಕೋರ್ಸು ನಡೆಸಿತೆಂದು ಯುಜಿಸಿ 2012-13ರಿಂದ ಅನ್ವಯವಾಗುವಂತೆ ಮಾನ್ಯತೆ ಹಿಂದಕ್ಕೆ ಪಡೆಯಿತು, ಮರಳಿ ಕೊಟ್ಟದ್ದು 2018ರಲ್ಲಿ. ನಡುವೆ ಓದಿದವರದು ಇದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ಕಾಗದ ಹಿಡಿದು ಕೆಲಸಕ್ಕೆ ಅಲೆದವರ ಗೋಳು ಈ ರಾಜ್ಯಕ್ಕೆಲ್ಲ ಗೊತ್ತು.

ಈಗ ಹೊಸದೊಂದು ಪರೀಕ್ಷೆ ಎದುರಿಗಿದೆ. ಹಿಂದಿನ ಸರ್ಕಾರ ಸಾಲಾಗಿ ತೆರೆದ ಹೊಸ ವಿಶ್ವವಿದ್ಯಾಲಯಗಳಲ್ಲಿ 9ನ್ನು ಮುಚ್ಚಬೇಕೆಂದು ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ 2025ರ ಫೆಬ್ರವರಿಯಲ್ಲಿ ಹೇಳಿತು. ಅಂದಿನಿಂದ ಆಸ್ತಿ, ಅನುದಾನ, ಸಿಬ್ಬಂದಿ, ಜಿಲ್ಲೆಯ ಪ್ರತಿಷ್ಠೆ ಎಲ್ಲದರ ಬಗ್ಗೆ ಬೀದಿಯಲ್ಲೂ ಸದನದಲ್ಲೂ ಮಾತಾಗಿದೆ. ಅಲ್ಲಿ ಪ್ರವೇಶ ಪಡೆದವರ ಅಂಕದ ದಾಖಲೆ ಎಲ್ಲಿಗೆ ಹೋಗುತ್ತದೆ, ಬ್ಯಾಕ್‌ಲಾಗ್ ಉಳಿಸಿಕೊಂಡವನ ಅಂತಿಮ ಅಂಕಪಟ್ಟಿಗೆ ಯಾವ ಕುಲಸಚಿವರು ಸಹಿ ಹಾಕುತ್ತಾರೆ, ಹತ್ತು ವರ್ಷದ ಮೇಲೆ ಅದನ್ನು ಪರಿಶೀಲಿಸಬೇಕಾದವರು ಯಾರ ಬಾಗಿಲು ತಟ್ಟಬೇಕು? ಅವನ್ನು ಮುಚ್ಚಿ ಬೇರೆಡೆ ವಿಲೀನಗೊಳಿಸುವ ಆದೇಶ ಹೊರಡುವುದೇ ಆದರೆ ಇದನ್ನು ಕಚೇರಿಯ ವಿಳಾಸ ಮತ್ತು ಅಧಿಕಾರಿಯ ಹುದ್ದೆಯ ಸಮೇತ ಮೊದಲ ಪುಟದಲ್ಲೇ ಬರೆಯಲಿ. ಬರೆಯಲಾಗದಿದ್ದರೆ ಆದೇಶವನ್ನೇ ತಡೆಹಿಡಿಯಲಿ.