ಎಣ್ಣೆ ಒರೆಸೋಕೂ ಕ್ಲಾಸಾ?

ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು ಸೇರಿದ್ದ ಒಂದು ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: ಎಣ್ಣೆಯ ಹತ್ತಿರ ಕೆಲಸ ಮಾಡುವ ಪ್ರತಿಯೊಬ್ಬನಿಗೂ, ನಿನ್ನೆ ಬಂದ ಗುತ್ತಿಗೆ ಹೆಲ್ಪರನಿಗೂ, ಅದು ಚೆಲ್ಲದಂತೆ ನೋಡಿಕೊಳ್ಳುವುದನ್ನೂ ಚೆಲ್ಲಿದರೆ ಮಾಡಬೇಕಾದ್ದನ್ನೂ ಕೆಲಸದ ಹೊತ್ತಿನಲ್ಲೇ, ಸಂಬಳ ಹಿಡಿಯದೆ ಕಲಿಸಬೇಕು. ಊಟದ ಹೊತ್ತಿಗೆ ಐದಾರು ಜನ ಸುತ್ತುವರಿದರು. ಕೈಯಲ್ಲಿ ತಟ್ಟೆ, ಬಾಯಲ್ಲಿ ಬಿಸಿಬೇಳೆಬಾತ್. ಅವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ.

ಮೊದಲ ಮಾತು ನಗುತ್ತಲೇ ಬಂತು: "ಏನ್ ಸಾರ್, ಎಣ್ಣೆ ಒರೆಸೋಕೂ ಕ್ಲಾಸಾ? ಕಾಮನ್ ಸೆನ್ಸ್ ಅಲ್ವಾ?"

ಆ ಕಾಮನ್ ಸೆನ್ಸು ಏನೇನು ಮಾಡಿಸುತ್ತದೆಂದು ನೋಡಿ. ನೆಲದ ಮೇಲೆ ಎಣ್ಣೆ ಬಿದ್ದರೆ ಪೈಪು ಹಿಡಿದು ನೀರು ಬಿಡಿಸುತ್ತದೆ. ನೀರಿನ ಮೇಲೆ ತೇಲುವ ಎಣ್ಣೆ ನೀರಿಗಿಂತ ಮುಂಚೆ ಮೋರಿ ಸೇರುತ್ತದೆ. ಹೋಗದಿದ್ದರೆ ಸೋಪುಪುಡಿ ಚೆಲ್ಲಿಸುತ್ತದೆ. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಲ್ಲಿ ಬೆರೆಸಿಬಿಡುತ್ತದೆ. ಎಣ್ಣೆಯನ್ನೂ ನೀರನ್ನೂ ಬೇರ್ಪಡಿಸಲು ಕಟ್ಟಿಸಿದ ತೊಟ್ಟಿ ಇದ್ದರೂ ಅದಕ್ಕೆ ಆಮೇಲೆ ಕೆಲಸವಿಲ್ಲ. ಹೈಡ್ರಾಲಿಕ್ ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೆ ಕಾಮನ್ ಸೆನ್ಸು ಬೆರಳಿಟ್ಟು ಒತ್ತಿ ಹಿಡಿಯಲು ಹೇಳುತ್ತದೆ. ಆ ಒತ್ತಡದಲ್ಲಿ ಎಣ್ಣೆ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಹೊರಗಿನಿಂದ ಕಾಣುವುದು ಒಂದು ಚುಕ್ಕೆ, ಆಗಬೇಕಾದ್ದು ತಡಮಾಡದ ಶಸ್ತ್ರಚಿಕಿತ್ಸೆ. ಟಿಂಚರ್ ಹಚ್ಚಿ ಮನೆಗೆ ಕಳಿಸಿದರೆ ಬೆರಳನ್ನೇ ಕಳೆದುಕೊಳ್ಳುವ ಗಾಯ ಅದು. ಎಣ್ಣೆ ಒರೆಸಿದ ಬಟ್ಟೆಯನ್ನು ಮೂಲೆಯಲ್ಲಿ ಗುಡ್ಡೆ ಹಾಕಿಸುವುದೂ ಇದೇ ಸೆನ್ಸು. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಎತ್ತರದ ಕಟ್ಟಡದಲ್ಲಿ ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಗಳು ತಾವಾಗಿಯೇ ಕಾವೇರಿ ಹೊತ್ತಿಕೊಂಡವು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಮಷೀನ್ ಆಯಿಲ್ ಅಷ್ಟು ಸುಲಭವಾಗಿ ತಾನಾಗಿ ಹೊತ್ತುವುದಿಲ್ಲ, ನಿಜ. ಆದರೆ ಯಾವುದು ಹೊತ್ತುತ್ತದೆ, ಯಾವುದು ಹೊತ್ತುವುದಿಲ್ಲ ಎಂಬುದು ಹುಟ್ಟಿನಿಂದ ಬರುವ ತಿಳಿವಳಿಕೆಯಲ್ಲ.

ಇನ್ನೂ ದೊಡ್ಡ ತಪ್ಪು ಆ ಪ್ರಶ್ನೆಯಲ್ಲೇ ಇದೆ. ಒರೆಸುವುದು ಕೊನೆಯ ಕೆಲಸ. ಮೊದಲನೆಯದು ನಿಲ್ಲಿಸುವುದು. ನಾನು ಕಂಡ ಒಂದು ಶೆಡ್ಡಿನಲ್ಲಿ ಪ್ರೆಸ್ಸಿನ ಹೋಸ್ ಒಡೆಯಿತು. ಹೆಲ್ಪರ್ ಹುಡುಗ, ರಾಯಚೂರಿನ ಕಡೆಯವನು, ಚುರುಕಿನವನೇ. ಓಡಿಹೋಗಿ ಮರದ ಹೊಟ್ಟಿನ ಚೀಲ ಹೊತ್ತು ತಂದ. ಅವನು ತರುವಷ್ಟರಲ್ಲಿ, ಸುರಿದು ಮುಗಿಸುವಷ್ಟರಲ್ಲಿ, ಪಂಪು ತಿರುಗುತ್ತಲೇ ಇತ್ತು. ನಿಮಿಷಕ್ಕೆ 40 ಲೀಟರ್ ತಳ್ಳುವ ಪಂಪಿಗೆ 200 ಲೀಟರಿನ ಟ್ಯಾಂಕು ಬರಿದಾಗಲು ಐದೇ ನಿಮಿಷ ಸಾಕು. ಗದರಿಸುತ್ತಾ ಬಂದ ಸೂಪರ್‌ವೈಸರ್ ಜಾರಿ ಬಿದ್ದು ಮೊಣಕೈ ಮುರಿದುಕೊಂಡರು. ಕೆಂಪು ಗುಂಡಿ ಹುಡುಗನ ಪಕ್ಕದಲ್ಲೇ ಇತ್ತು. ಯಾಕಪ್ಪಾ ಒತ್ತಲಿಲ್ಲ ಎಂದು ಕೇಳಿದೆ. "ಮಷೀನ್ ಬಂದ್ ಮಾಡಿದ್ರ ಬೈತಾರ್ರಿ" ಎಂದ.

ಕಲಿಸಬೇಕು ಎಂದು ನಾನು ಹೇಳುವುದು ಇದನ್ನೇ. ಒತ್ತುವುದು ಹೇಗೆಂದು ಅವನಿಗೆ ಗೊತ್ತಿತ್ತು. ಒತ್ತಬಹುದು, ಒತ್ತಿದರೆ ಬೈಯುವುದಿಲ್ಲ ಎಂಬುದನ್ನು ಮಾಲೀಕನ ಬಾಯಿಂದ ಅವನು ಕೇಳಿರಲಿಲ್ಲ.

ಎರಡನೆಯ ಆಕ್ಷೇಪ: "ನಮ್ಮದೇನು ರಿಫೈನರೀನಾ? ನಾಲ್ಕು ಲೇತು, ಎರಡು ಪ್ರೆಸ್ಸು."

ಅಮೆರಿಕದ ನಿಯಮವನ್ನೇ ನೋಡಿ. ಚೆಲ್ಲಿದ ಎಣ್ಣೆ ನದಿ ನಾಲೆ ಸೇರುವ ಸಂಭವವಿದ್ದು, ನೆಲದ ಮೇಲೆ 1,320 ಗ್ಯಾಲನ್‌ಗಿಂತ ಹೆಚ್ಚು ಎಣ್ಣೆ ಇಡುವಷ್ಟು ಜಾಗವಿದ್ದರೆ, ಚೆಲ್ಲದಂತೆ ತಡೆಯುವ ಲಿಖಿತ ಯೋಜನೆ ಬೇಕು, ಎಣ್ಣೆ ಮುಟ್ಟುವ ಸಿಬ್ಬಂದಿಗೆ ತರಬೇತಿ ಬೇಕು. 1,320 ಗ್ಯಾಲನ್ ಅಂದರೆ ಸುಮಾರು 5,000 ಲೀಟರ್. ಲೆಕ್ಕಕ್ಕೆ ಹಿಡಿಯುವ ಅತಿ ಚಿಕ್ಕ ಪಾತ್ರೆ 55 ಗ್ಯಾಲನ್ನಿನದು, ನಮ್ಮ ಮಾಮೂಲಿ ಡ್ರಮ್ಮು. ಹಾಗಾದರೆ 24 ಡ್ರಮ್ಮು. ಖಾಲಿ ಇರಲಿ ತುಂಬಿರಲಿ, ನಿಮ್ಮ ಶೆಡ್ಡಿನ ಹಿಂಬದಿಯ ತಗಡಿನ ಕೆಳಗೆ ಎಷ್ಟಿವೆ, ಎಣಿಸಿ.

ಇನ್ನೂ ಚಿಕ್ಕದಕ್ಕೆ ಬರೋಣ. ಒಂದು ವಾಲ್ವು ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುತ್ತಿದೆ. 20 ಹನಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಂಡರೆ ಹಗಲೂ ರಾತ್ರಿ ಸೇರಿ ನಾಲ್ಕು ಲೀಟರಿಗೂ ಹೆಚ್ಚು. ಮೂರು ಶಿಫ್ಟಿನ ಕಾರ್ಖಾನೆಯಲ್ಲಿ ವರ್ಷಕ್ಕೆ 300 ದಿನವೆಂದರೂ ಸುಮಾರು 1,300 ಲೀಟರ್, ಆರು ಡ್ರಮ್ಮು. ಅದರ ಕೆಳಗೆ ಒಂದು ತಗಡಿನ ಡಬ್ಬಿ ಇಟ್ಟು, ತುಂಬಿದಾಗ ಚೆಲ್ಲಿ, ಮತ್ತೆ ಇಡುವುದನ್ನು ನಾವು ರಿಪೇರಿ ಎಂದು ಕರೆಯುತ್ತೇವೆ.

ಎಲ್ಲಿಗೆ ಚೆಲ್ಲುತ್ತೇವೆ? ಪೀಣ್ಯದ ಮೋರಿಗಳ ನೀರು ವೃಷಭಾವತಿಗೆ ಸೇರುತ್ತದೆ. ಆ ನೀರು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗಿ, ಅಲ್ಲಿಂದ ಅರ್ಕಾವತಿ, ಅಲ್ಲಿಂದ ಕಾವೇರಿ. (ಆಯುಧಪೂಜೆಯ ಹಿಂದಿನ ದಿನ ಪೀಣ್ಯದ ಬೀದಿಗಳಲ್ಲಿ ಒಮ್ಮೆ ನಡೆದು ನೋಡಿ. ಡೀಸೆಲ್ಲಿನಲ್ಲಿ ಉಜ್ಜಿ, ಪೈಪು ಬಿಟ್ಟು ತೊಳೆದು, ಮಷೀನಿಗೆ ಕುಂಕುಮ ಇಡುತ್ತೇವೆ. ಮೋರಿಯಲ್ಲಿ ಕಾಮನಬಿಲ್ಲು ಹರಿಯುತ್ತದೆ. ಹಬ್ಬ ಬೇಡವೆನ್ನುತ್ತಿಲ್ಲ, ಕೆಳಗೊಂದು ಟ್ರೇ ಇಡಿ ಎನ್ನುತ್ತಿದ್ದೇನೆ.)

ಖರ್ಚಿನ ಮಾತಿಗೆ ಹೆಚ್ಚು ಹೊತ್ತು ಬೇಡ. ಟ್ರೇ, ಮರಳಿನ ಬಕೆಟ್ಟು, ಮೋರಿಯ ಬಾಯಿಗೆ ಅಡ್ಡ ಇಡಲು ಮರಳು ತುಂಬಿದ ಚೀಲ, ಒಂದು ಸಲಿಕೆ, ಕೈಗವಸು. ಮುರಿದ ಮೊಣಕೈಯ ಆಸ್ಪತ್ರೆ ಬಿಲ್ಲಿನಲ್ಲಿ ಇವಿಷ್ಟನ್ನೂ ಹತ್ತು ಶೆಡ್ಡಿಗೆ ಕೊಡಿಸಬಹುದಿತ್ತು.

"ಹುಡುಗರು ನಿಲ್ಲೋದೇ ಇಲ್ಲ ಸಾರ್. ಕಲಿಸಿದ ಮೂರು ತಿಂಗಳಿಗೆ ಪಕ್ಕದ ರಸ್ತೆಗೆ ಹೋಗಿರ್ತಾರೆ." ಇದು ಸುಳ್ಳಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನ ನೀವು ಹೇಳುವುದಲ್ಲ. ಮೂರು ದಿನದ ಶಿಬಿರ, ಪ್ರಮಾಣಪತ್ರ, ಗುಂಪು ಫೋಟೋ ಇವೆಲ್ಲ ದಂಡ ಎಂದರೆ ಒಪ್ಪುತ್ತೇನೆ. ಬೇಕಾದ್ದು ಮೊದಲ ದಿನದ ಮೊದಲ ಗಂಟೆ: ಈ ಗುಂಡಿ, ಈ ವಾಲ್ವು, ಈ ಮೋರಿ, ಈ ಬಕೆಟ್ಟು, ಕೂಗಬೇಕಾದ್ದು ಇವರನ್ನು. ಅದೂ ಅವನ ಭಾಷೆಯಲ್ಲಿ. ಒಡಿಶಾದ ಹುಡುಗನ ಮುಂದೆ ಇಂಗ್ಲಿಷ್ ಚಾರ್ಟು ತೂಗುಹಾಕಿದರೆ ಗೋಡೆಗೆ ಮಾತ್ರ ಉಪಯೋಗ. ಪಕ್ಕದ ರಸ್ತೆಗೆ ಹೋದವನೂ ಇದೇ ಮೋರಿಯ ಪಕ್ಕದಲ್ಲೇ ಇರುತ್ತಾನೆ, ಅದನ್ನೂ ನೆನಪಿಡಿ.

ಓದಿದ ತರುಣ ಮಾಲೀಕರೊಬ್ಬರ ವಾದ ಹೊಸದು: "ಸೆನ್ಸರ್ ಹಾಕಿಸಿದೀನಿ, ಅಲಾರಂ ಇದೆ. ಮನುಷ್ಯನನ್ನ ನಂಬೋ ಕಾಲ ಹೋಯ್ತು."

ಲಂಡನ್ನಿನ ಉತ್ತರಕ್ಕಿರುವ ಬನ್ಸ್‌ಫೀಲ್ಡ್ ತೈಲ ಡಿಪೋದಲ್ಲೂ ಅಲಾರಂ ಇತ್ತು. 2005ರ ಡಿಸೆಂಬರ್ 11ರ ಮುಂಜಾನೆ ಅಲ್ಲಿನ ಒಂದು ಟ್ಯಾಂಕು ತುಂಬಿ ಪೆಟ್ರೋಲ್ ಉಕ್ಕಿ ಹರಿಯಿತು, ಆವಿಯ ಮೋಡ ಎದ್ದಿತು, ಸ್ಫೋಟವಾಯಿತು. ಮಟ್ಟ ತೋರಿಸುವ ಮಾಪಕ ಒಂದೇ ಕಡೆ ಅಂಟಿಕೊಂಡಿತ್ತು. ಆಗಸ್ಟ್ ಕೊನೆಯಿಂದ ಅದು 14 ಸಲ ಹೀಗೆ ಅಂಟಿಕೊಂಡಿತ್ತೆಂದು ತನಿಖೆ ಹೇಳಿತು. ಮಾಪಕ ಕೈಕೊಟ್ಟರೂ ಟ್ಯಾಂಕು ತುಂಬದಂತೆ ತಡೆಯಲು ಇನ್ನೊಂದು ಸ್ವಿಚ್ಚಿತ್ತು. ಅದರ ಪರೀಕ್ಷೆಯ ಹಿಡಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಒಂದು ಸಣ್ಣ ಬೀಗ ಹಾಕಬೇಕಿತ್ತು. ಆ ಬೀಗ ಯಾತಕ್ಕೆಂದು ಅಲ್ಲಿನವರಿಗೆ ತಿಳಿದಿರಲಿಲ್ಲ, ಹಾಕಿರಲಿಲ್ಲ, ಸ್ವಿಚ್ಚು ಕೆಲಸ ಮಾಡಲಿಲ್ಲ. 43 ಜನರಿಗೆ ಗಾಯ. ಭಾನುವಾರದ ಮುಂಜಾನೆಯಾದ್ದರಿಂದ ಯಾರೂ ಸಾಯಲಿಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ಮಾರ್ಷಲ್‌ನದು ಇನ್ನೂ ಕೆಟ್ಟ ಕಥೆ. 2010ರ ಜುಲೈ 25ರ ಸಂಜೆ ಎನ್‌ಬ್ರಿಜ್ ಕಂಪನಿಯ ಕಚ್ಚಾತೈಲದ ಪೈಪ್‌ಲೈನ್ ಒಡೆಯಿತು. ಅಲಾರಂ ಬಡಿದುಕೊಂಡಿತು, ಒಂದಲ್ಲ, ಹಲವು ಸಲ. ನಿಯಂತ್ರಣ ಕೊಠಡಿಯವರು ಪೈಪಿನೊಳಗೆ ತೈಲದ ಧಾರೆ ನಡುವೆ ತುಂಡಾಗಿ ಖಾಲಿ ಜಾಗ ಉಂಟಾಗಿರಬೇಕು ಅಂದುಕೊಂಡು ಪಂಪನ್ನು ಮತ್ತೆ ಎರಡು ಸಲ ಚಾಲೂ ಮಾಡಿದರು. ಒಡೆದ ಪೈಪಿಗೆ ಇನ್ನಷ್ಟು ತೈಲ! ಹೊರಬಂದ 32 ಲಕ್ಷ ಲೀಟರಿನಲ್ಲಿ ಐದರಲ್ಲಿ ನಾಲ್ಕು ಪಾಲು ಹೀಗೆ ಮತ್ತೆ ಚಾಲೂ ಮಾಡಿದ ಮೇಲೆ ಚೆಲ್ಲಿದ್ದು. ಕಾರಣ ತಿಳಿಯದಿದ್ದರೆ ಹತ್ತು ನಿಮಿಷದೊಳಗೆ ಲೈನು ನಿಲ್ಲಿಸಬೇಕೆಂಬ ನಿಯಮ ಅದೇ ಕಂಪನಿಯಲ್ಲಿತ್ತು. 17 ಗಂಟೆಯ ಮೇಲೆ ಹೊರಗಿನ ಗ್ಯಾಸ್ ಕಂಪನಿಯ ನೌಕರನೊಬ್ಬ ಫೋನ್ ಮಾಡಿ ಹೇಳಿದಾಗಲೇ ಅವರಿಗೆ ಗೊತ್ತಾದದ್ದು. ಮೊದಲು ಸ್ಥಳಕ್ಕೆ ಹೋದವರು ಎಣ್ಣೆ ತೊರೆಗೆ ಇಳಿಯುವ ಜಾಗದಲ್ಲಿ ಕಟ್ಟೆ ಹಾಕುವುದು ಬಿಟ್ಟು, ರಭಸದ ನೀರಿಗೆ ಒಗ್ಗದ ತೇಲುತಡೆಗಳನ್ನು ಕೆಳಗೆ ಕಟ್ಟುತ್ತಾ ಕುಳಿತರು. ಕಲಮಜೂ ನದಿ ಕಪ್ಪಾಯಿತು. ಶುದ್ಧೀಕರಣದ ಖರ್ಚು ನೂರು ಕೋಟಿ ಡಾಲರ್ ದಾಟಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ 2012ರ ವರದಿ ನಿಯಂತ್ರಣ ಕೊಠಡಿಯವರ ತರಬೇತಿಯ ಕೊರತೆಯನ್ನು ಹೆಸರಿಟ್ಟೇ ಹೇಳಿತು. ಅಲಾರಂ ಕೂಗುತ್ತದೆ, ನಿಜ. ಅದನ್ನು ನಂಬಿ ಕೆಲಸ ನಿಲ್ಲಿಸುವವನು ಮನುಷ್ಯನೇ. ರಾಯಚೂರಿನ ಹುಡುಗನೂ ಆ ಕೊಠಡಿಯ ಪಳಗಿದ ಕೈಗಳೂ ಎಡವಿದ್ದು ಒಂದೇ ಕಡೆ.

ಎಲ್ಲರಿಗಿಂತ ಗಟ್ಟಿಯಾದ ಮಾತು ಕಾರ್ಮಿಕ ಸಂಘದ ಹಿರಿಯರೊಬ್ಬರದು. ಅವರು ಮಾಲೀಕರ ಕಡೆಯವರಲ್ಲ, ಆದರೂ ನನ್ನ ವಿರುದ್ಧವೇ ನಿಂತರು. "ಜೈಪುರದಲ್ಲಿ ಸತ್ತವರೇನು ಹೊಸಬರಾ? ಟ್ರೈನಿಂಗ್ ಅನ್ನೋದು ತಪ್ಪನ್ನ ಕಾರ್ಮಿಕನ ತಲೆಗೆ ಕಟ್ಟೋ ಉಪಾಯ. ರಿಜಿಸ್ಟರ್‌ನಲ್ಲಿ ಸೈನ್ ಮಾಡಿಸ್ಕೋತಾರೆ, ನಾಳೆ ಏನಾದ್ರೂ ಆದ್ರೆ 'ಕಲಿಸಿದ್ವಿ, ಅವನೇ ಕೇಳಲಿಲ್ಲ' ಅಂತಾರೆ."

ಇದಕ್ಕೆ ಅರ್ಧ ತಲೆಬಾಗುತ್ತೇನೆ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದ ಇಂಡಿಯನ್ ಆಯಿಲ್ ಟರ್ಮಿನಲ್‌ನಲ್ಲಿ ಪೆಟ್ರೋಲ್ ಸಾಗಿಸಲು ಲೈನು ಸಿದ್ಧಪಡಿಸುವಾಗ ವಾಲ್ವಿನಿಂದ ಕಾರಂಜಿಯಂತೆ ಚಿಮ್ಮಿತು. ಹತ್ತಿರ ಹೋದವರು ಆವಿಗೆ ಸಿಕ್ಕಿ ಕುಸಿದರು. ಒಂದು ಗಂಟೆಗೂ ಹೆಚ್ಚು ಕಾಲ ಸೋರಿದ ಮೇಲೆ ಸ್ಫೋಟ. 11 ಸಾವು, 11 ದಿನ ಬೆಂಕಿ. ಎಂ.ಬಿ. ಲಾಲ್ ಸಮಿತಿ ಗುರುತಿಸಿದ ಮೂಲಕಾರಣಗಳು ಮೂರು: ಆ ಜಾಗಕ್ಕೆಂದೇ ಬರೆದಿಟ್ಟ ಕಾರ್ಯವಿಧಾನ ಇಲ್ಲದ್ದು, ಸೋರಿಕೆಯನ್ನು ದೂರದಿಂದ ನಿಲ್ಲಿಸುವ ಸಾಧನ ಇಲ್ಲದ್ದು, ಅಪಾಯ ಮತ್ತು ಅದರ ಪರಿಣಾಮದ ಅರಿವು ಸಾಲದ್ದು. ಮೂರರಲ್ಲಿ ಎರಡನೆಯದಕ್ಕೆ ಯಾವ ತರಬೇತಿಯೂ ಔಷಧವಲ್ಲ. ಇಲ್ಲದ ವಾಲ್ವನ್ನು ಮುಚ್ಚಲು ಯಾರಿಗೂ ಕಲಿಸಲಾಗದು. ಅಷ್ಟರ ಮಟ್ಟಿಗೆ ಹಿರಿಯರು ಸರಿ. ಆದರೆ ಉಳಿದೆರಡು? ವರ್ಷಗಟ್ಟಲೆ ಏನೂ ಆಗದ ವಾಲ್ವನ್ನು ತಿರುಗಿಸಿದ ಅನುಭವವು, ಆಗಬಾರದ್ದು ಆದಾಗ ಹಿಂದಕ್ಕೆ ಓಡಬೇಕೋ ಮುಂದಕ್ಕೆ ಹೋಗಬೇಕೋ ಎಂಬುದನ್ನು ಕಲಿಸುವುದಿಲ್ಲ. ಆವಿಯ ನಡುವೆ ಬಿದ್ದವನನ್ನು ಉಸಿರಾಟದ ಸಲಕರಣೆಯಿಲ್ಲದೆ ಎತ್ತಲು ಹೋಗಬಾರದೆಂಬುದು ಮನಸ್ಸು ಒಪ್ಪದ ಪಾಠ. ಮೊದಲೇ ಹತ್ತು ಸಲ ಮಾಡಿ ನೋಡದಿದ್ದರೆ ಯಾರಿಂದಲೂ ಆಗದು.

ರಿಜಿಸ್ಟರ್ ಸಹಿಯ ಬಗ್ಗೆ ಅವರ ಸಿಟ್ಟು ನನ್ನದೂ ಹೌದು. ಆದರೆ ಕಾನೂನು ಇಲ್ಲಿ ಕಾರ್ಮಿಕನ ಕಡೆಗಿದೆ. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ಸೇರಿಸಿದ 7ಎ ಕಲಂ ಮಾಹಿತಿ, ಸೂಚನೆ, ತರಬೇತಿ, ಮೇಲ್ವಿಚಾರಣೆ ಒದಗಿಸುವುದನ್ನು ಕಾರ್ಖಾನೆ ನಡೆಸುವವನ ಕರ್ತವ್ಯವೆಂದಿತು. 2020ರ ಕಾರ್ಮಿಕ ಸುರಕ್ಷತೆಯ ಸಂಹಿತೆಯೂ ಆ ಹೊರೆಯನ್ನು ಮಾಲೀಕನ ಹೆಗಲಿನಿಂದ ಇಳಿಸಿಲ್ಲ. ಹಾಗಾಗಿ ಸಂಘಗಳು ತರಬೇತಿ ಬೇಡವೆನ್ನುವ ಬದಲು ಹೀಗೆ ಕೇಳಲಿ: ಕಲಿಸಿದ್ದನ್ನು ಮಾಡಿ ತೋರಿಸಿ, ಮಷೀನ್ ನಿಲ್ಲಿಸಿದವನಿಗೆ ಸಂಬಳ ಕಡಿಯುವುದಿಲ್ಲವೆಂದು ಬರೆದುಕೊಡಿ. ಸಹಿ ಮೊದಲು ಮಾಲೀಕನದು, ಆಮೇಲೆ ಹುಡುಗನದು.

ಇಷ್ಟಾದರೂ "ನಮ್ಮಲ್ಲಿ ಎಲ್ಲಾ ಸರಿ ಇದೆ" ಎನ್ನುವ ಮಾಲೀಕರಿಗೆ ನನ್ನದೊಂದು ವಿನಂತಿ. ಬರುವ ಸೋಮವಾರ, ಯಾರಿಗೂ ಮೊದಲೇ ಹೇಳದೆ, ಒಂದು ಬಕೆಟ್ ನೀರಿಗೆ ಅರಿಶಿನ ಕದಡಿ ಡ್ರಮ್ಮುಗಳ ಪಕ್ಕ ನೆಲದ ಮೇಲೆ ಸುರಿಯಿರಿ. "ಆಯಿಲ್ ಚೆಲ್ತು!" ಎಂದು ಕೂಗಿ, ಗಡಿಯಾರ ನೋಡುತ್ತಾ ಸುಮ್ಮನೆ ನಿಂತುಬಿಡಿ. ಯಾರು ಯಾವ ಕಡೆ ಓಡಿದರು, ಗುಂಡಿ ಯಾರು ಒತ್ತಿದರು, ಹಳದಿ ನೀರು ಎಷ್ಟು ಹೊತ್ತಿಗೆ ಮೋರಿ ಮುಟ್ಟಿತು, ಬರೆದುಕೊಳ್ಳಿ. ಮುಂದಿನ ಸಭೆಗೆ ಆ ಚೀಟಿ ಹಿಡಿದು ಬನ್ನಿ.